ಕಂದು ಕಾರಿನ ಬ್ರೇಕು

ಮಂಗಳವಾರ, ಮಧ್ಯಾಹ್ನ

ಅತ್ತಿಗೆಯವರಿಗೆ ನಮಸ್ಕಾರ.

ಅವನು ತೀರಿಕೊಂಡು ಇಂದಿಗೆ ಇಪ್ಪತ್ತೇಳು ದಿನ. ನಿಮಗೆ ಗಂಡನಾಗುವುದಕ್ಕೆ ಮೊದಲೇ ನನಗೆ ಗೆಳೆಯನಾಗಿದ್ದವನು. ಮನೆಗೇ ಬಂದು ಹೇಳಬೇಕೆಂದು ಎರಡು ಸಲ ಹೊರಟು, ನಿಮ್ಮ ಗೇಟಿನ ಹತ್ತಿರದಿಂದಲೇ ಹಿಂದಿರುಗಿದೆ. ಬಾಯಲ್ಲಿ ಆಗದ್ದನ್ನು ಬರೆಯುತ್ತಿದ್ದೇನೆ.

ನಮ್ಮ ಭಾನುವಾರದ ಕೂಟ ನಿಮಗೆ ಗೊತ್ತೇ ಇದೆ. ಏಳೆಂಟು ಜನ ಕಾರಿನ ಹುಚ್ಚರು ಪೆಟ್ರೋಲ್ ಬಂಕಿನ ಹಿಂದಿನ ಬಯಲಿನಲ್ಲಿ ಬಾನೆಟ್ ತೆರೆದಿಟ್ಟುಕೊಂಡು ಊಟದ ಹೊತ್ತಿನವರೆಗೆ ಹರಟುತ್ತೇವೆ. ಪಿಕಪ್ ಇಟ್ಟಿರುವ ಬಡಗಿಯನ್ನು, ಮನೆ ಬದಲಿಸುವವರೆಲ್ಲ ನಿನಗೆ ನೆಂಟರೇ ಬಿಡು ಎಂದು ರೇಗಿಸುತ್ತೇವೆ. ಆದರೆ ಎಲ್ಲರ ಬಾಯಿಗೂ ಸುಲಭವಾಗಿ ಸಿಗುತ್ತಿದ್ದುದು ನಿಮ್ಮ ಮನೆಯ ಕಂದು ಕಾರು. ಹೊಸದಾಗಿದ್ದಾಗಲೂ ಯಾರೂ ಇಷ್ಟಪಡದ ಮಾದರಿ. ತಯಾರಿಸಿದ ಕಂಪನಿಯೂ ಮುಚ್ಚಿಹೋಗಿದೆ. ಅದನ್ನು ಕದ್ದ ಕಳ್ಳ ಪೆಟ್ರೋಲ್ ತುಂಬಿಸಿ ವಾಪಸ್ ತಂದು ನಿಲ್ಲಿಸುತ್ತಾನೆ ಎಂದು ಹೇಳಿ ನಗಿಸಿದವನು ನಾನೇ. ಅವನೂ ನಗುತ್ತಿದ್ದ. ನಗುತ್ತಲೇ ಅದರ ಗಾಜು ಒರೆಸುತ್ತಿದ್ದ.

ಕೊನೆಯ ಭಾನುವಾರ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, ‘ಬ್ರೇಕ್ ಯಾಕೋ ತಳದವರೆಗೂ ಹೋಗ್ತಿದೆ, ಸ್ವಲ್ಪ ನೋಡೋ’ ಎಂದ. ಬಗ್ಗಿ ನೋಡಿದೆ. ಚಕ್ರದ ಒಳಬದಿ ಬ್ರೇಕ್ ಆಯಿಲ್ ಸೋರಿ ಒದ್ದೆಯಾಗಿತ್ತು. ಇಪ್ಪತ್ತೆರಡು ವರ್ಷ ಗ್ಯಾರೇಜು ನಡೆಸಿದವನಿಗೆ ಅದರ ಅರ್ಥ ಗೊತ್ತಾಗದೆ ಇರುತ್ತದೆಯೇ? ಕೀಲಿ ಕಸಿದುಕೊಳ್ಳಬೇಕಿತ್ತು. ಆದರೆ ಎಲ್ಲರೂ ನಮ್ಮತ್ತಲೇ ನೋಡುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಹಲ್ಲು ಬಿಟ್ಟಿದ್ದರು. ಲಾರಿಯವರು ಹಿಂದುಗಡೆ ಅಂತರವಿರಲಿ ಎಂದು ಬರೆಸುತ್ತಾರೆ, ನೀನು ಮುಂದುಗಡೆ ಬರೆಸು ಎಂದುಬಿಟ್ಟೆ. ಬಯಲೆಲ್ಲ ನಗು. ನಿಜವಾಗಿ ಅಪಾಯವಿದ್ದರೆ ಇವನು ತಮಾಷೆ ಮಾಡುತ್ತಿರಲಿಲ್ಲ ಎಂದು ಅವನು ನಂಬಿದ. ನಂಬಿಕೊಂಡೇ ಓಡಿಸಿಕೊಂಡು ಹೋದ. ಬುಧವಾರ ಇಳಿಜಾರಿನಲ್ಲಿ, ನಿಂತಿದ್ದ ಲಾರಿಯ ಹಿಂಭಾಗಕ್ಕೆ ಹೋಗಿ ಗುದ್ದಿದ.

ಅಂದು ಹೊರಡುವಾಗ ನೀವು ಬ್ರೇಕಿನ ವಿಚಾರ ಕೇಳಿದಿರಂತೆ, ‘ತೋರಿಸಿದ್ದೀನಿ, ಏನೂ ಇಲ್ವಂತೆ’ ಎಂದನಂತೆ. ಸುಳ್ಳು ಹೇಳಿ ಹೋದ ಎಂಬ ಸಿಟ್ಟಿಗೆ ನೀವು ಇವತ್ತಿಗೂ ಅತ್ತಿಲ್ಲವೆಂದು ನನ್ನ ಹೆಂಡತಿ ಹೇಳಿದಳು. ಅತ್ತಿಗೆ, ಅವನು ಸುಳ್ಳು ಹೇಳಲಿಲ್ಲ. ನನಗೇ ತೋರಿಸಿದ್ದ. ಆಸ್ಪತ್ರೆಯಲ್ಲಿ ‘ನಿಮಗೆ ತೋರಿಸಿದ್ರಾ’ ಎಂದು ನೀವು ಕೇಳಿದಾಗ ನಾನು ತಲೆ ತಗ್ಗಿಸಿ ನಿಂತೆ. ನೀವು ಅದನ್ನೇ ಇಲ್ಲವೆಂಬ ಉತ್ತರ ಅಂದುಕೊಂಡಿರಿ, ನಾನೂ ಸುಮ್ಮನಾದೆ. ಆ ಸಿಟ್ಟು ನನ್ನ ಮೇಲಿರಲಿ. ಅವನಿಗಾಗಿ ಒಮ್ಮೆ ಅತ್ತುಬಿಡಿ.

ಕ್ಷಮೆ ಕೇಳುವ ಮುಖ ನನಗಿಲ್ಲ. ನಿಮ್ಮ ಮೈದುನ ಎಂದು ಸಹಿ ಹಾಕಲು ಕೈ ಬರುತ್ತಿಲ್ಲ.

ಇಂತಿ,
ಗ್ಯಾರೇಜಿನವನು

ವಿ.ಸೂ.: ಆಸ್ಪತ್ರೆಯಲ್ಲಿ ಸುಮ್ಮನಿದ್ದವನು ಪೊಲೀಸ್ ಠಾಣೆಯಲ್ಲಿ ಸುಮ್ಮನಿರಲಿಲ್ಲ. ಆ ಕಾರನ್ನು ಅವನು ನನಗೆ ತೋರಿಸಿಯೇ ಇರಲಿಲ್ಲ ಎಂದು ಹೇಳಿಕೆ ಕೊಟ್ಟು ಸಹಿ ಹಾಕಿ ಬಂದಿದ್ದೇನೆ. ನಾಳೆ ಹೋಗಿ ನಿಜ ಹೇಳುತ್ತೇನೆ ಎಂದು ದಿನವೂ ಅಂದುಕೊಳ್ಳುತ್ತೇನೆ, ಹೋಗುವುದಿಲ್ಲ. ಈ ಪತ್ರವನ್ನು ನೀವೇ ಅವರ ಕೈಗೆ ಕೊಟ್ಟುಬಿಡಿ.