ಸಿಂಗಾರ ಗಂಡಿನದು

ಗುರುವಾರ, 10 ಫೆಬ್ರವರಿ 2005
ಹಿತ್ತಲಿಗೆ ಬರುವ, ಹೂವಿನ ಮಕರಂದ ಹೀರುವ ಪುಟ್ಟ ಸೂರಕ್ಕಿ ಜೋಡಿಯ ವ್ಯವಹಾರಕ್ಕೆ ಈವರೆಗೆ ಹೋದದ್ದು: ದಿನಕ್ಕೆರಡು ಚಮಚ ಸಕ್ಕರೆ, ಹೂವೆಂದುಕೊಳ್ಳಲಿ ಎಂದು ಸಕ್ಕರೆನೀರಿನ ಬಾಟಲಿಯ ಬಾಯಿಗೆ ಬಳಿದ ಅರ್ಧ ಸೀಸೆ ಕೆಂಪು ನೇಲ್ ಪಾಲಿಶ್, ಅವನ್ನು ನೋಡುತ್ತ ಆರಿಹೋದ ಕಾಫಿ ಎಷ್ಟೋ. ಮತ್ತು ಒಂದು ಹುಬ್ಬು. ಬ್ಯಾಂಕ್ ಮೇಡಂಗೆ ಥ್ರೆಡಿಂಗ್ ಮಾಡುತ್ತ ನನ್ನ ಪಾರ್ಲರ್ ಕಿಟಕಿಯಾಚೆ ಹಕ್ಕಿ ನೋಡಿಬಿಟ್ಟೆ. ಎಡಗಡೆಯದು ಗಿಡ್ಡವಾಯಿತು. ಈಗ ಇದೇ ಫ್ಯಾಷನ್ ಎಂದೆ. ನಂಬಿದರು.

ಶನಿವಾರ, 12
ಎದುರು ಮನೆ ಭರಮಪ್ಪನವರ ಮಗಳು ಶಿಲ್ಪಾ ಬಂದಿದ್ದಳು. ನಾಳೆ ಹೆಣ್ಣು ನೋಡಲು ಬರುತ್ತಾರೆ. ನಾಲ್ಕನೇ ಗಂಡು. ಹಿಂದಿನ ಮೂವರೂ ಉಪ್ಪಿಟ್ಟು ತಿಂದು, ಫೋನ್ ಮಾಡುತ್ತೇವೆ ಎಂದು ಹೋದವರು. ರಕ್ತ ಪರೀಕ್ಷೆ ಲ್ಯಾಬಿನ ಕೆಲಸ ಮದುವೆಯಾದ ಮೇಲೂ ಬೇಕು ಇವಳಿಗೆ. ಗಂಡಿನವರ ಹತ್ತಿರ ಅದನ್ನು ಕೇಳಲು ಇವಳಿಗೆ ಯಾರೂ ಬಾಯಿ ತೆರೆಯಲು ಬಿಟ್ಟಿಲ್ಲ.

ಬ್ಲೀಚ್ ಹಚ್ಚಿ ಕಿಟಕಿಯೆದುರು ಕೂರಿಸಿದೆ. ಹಿತ್ತಲಿನ ಬಟ್ಟೆ ತಂತಿಯ ಮೇಲೆ ಹೆಣ್ಣು ಸೂರಕ್ಕಿ — ಮಾಸಲು ಬಣ್ಣ. ಎದುರಿಗೆ ಗಂಡು, ಮಿರಿಮಿರಿ ನೀಲಿ. ಹಾಡಿತು. ರೆಕ್ಕೆ ನಡುಗಿಸಿ ಕಂಕುಳ ಹಳದಿ ಗರಿ ಕೆದರಿತು. ಹೆಣ್ಣು ತಂತಿಗೆ ಕೊಕ್ಕು ಒರೆಸಿಕೊಂಡಿತು, ಅಷ್ಟೇ.

“ಆಂಟಿ, ಇಲ್ಲಿ ಮೇಕಪ್ಪೆಲ್ಲ ಗಂಡಿಂದೇನಾ?”

“ಹೂಂ ಕಣೇ. ಅವಳು ಕೂತು ನೋಡ್ತಾಳೆ. ಹಿಡಿಸ್ಲಿಲ್ಲ ಅಂದ್ರೆ ಹಾರೋಗ್ತಾಳೆ.”

ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಶಿಲ್ಪಾ ಎದ್ದು ಮುಖ ತೊಳೆದುಕೊಂಡಳು. ಫೇಶಿಯಲ್ ಬೇಡವಂತೆ.

ಭಾನುವಾರ, 13, ಸಂಜೆ
ಶಿಲ್ಪಾಳ ತಾಯಿ ಶಂಕ್ರವ್ವ ಬಾಗಿಲಲ್ಲೇ ನಿಂತು ಕೇಳಿದರು — “ನನ್ನ ಮಗಳ ತಲ್ಯಾಗ ಏನ್ ತುಂಬೀರಿ ನೀವು?”

ಹುಡುಗ ವೀರೇಶ, ದೀಪಾಂಜಲಿ ನಗರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಇವಳು ಮಾಮೂಲಿ ಚೂಡಿದಾರದಲ್ಲಿ ಬಂದು, ಅವನೆದುರೇ ಕುರ್ಚಿ ಎಳೆದು ಕೂತಳಂತೆ. ಬೆಳಿಗ್ಗೆ ಆರಕ್ಕೆ ವಿಜಯನಗರದ ಲ್ಯಾಬಿನಲ್ಲಿರಬೇಕು, ಮದುವೆಯಾದ ಮೇಲೆ ನಿಮ್ಮ ಮನೆಯಿಂದ ಹೇಗೆ ಕಳಿಸುತ್ತೀರಿ ಎಂದಳಂತೆ. ಹುಡುಗನ ತಾಯಿ ಎದ್ದರು. ಹುಡುಗ ತಕ್ಷಣ ಏಳಲಿಲ್ಲವಂತೆ. ಕೊನೆಗೆ ಇವರೂ ಫೋನ್ ಮಾಡುತ್ತೇವೆ ಎಂದು ಹೋದರಂತೆ.

ಭಾನುವಾರ, 27
ಫೋನಿಲ್ಲ. ಶಂಕ್ರವ್ವ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ನನ್ನ ಮಾತಿನಿಂದ ಆ ಹುಡುಗಿ ಮೂಲೆಗೆ ಬಿದ್ದಳೇ? ತಂತಿಯಲ್ಲಿ ಹೆಣ್ಣು ಸೂರಕ್ಕಿ ಗೂಡಿಗೆಂದು ಜೇಡರಬಲೆ ತಂದು ಸುತ್ತುತ್ತಿದೆ. ಗಂಡು ಪಕ್ಕದಲ್ಲೇ ಹಾಡುತ್ತಿದೆ. ನೋಡಲು ಮನಸ್ಸಿಲ್ಲ.

ಭಾನುವಾರ, 6 ಮಾರ್ಚ್
ವೀರೇಶ ಒಬ್ಬನೇ ಬಂದ! ಭರಮಪ್ಪನವರ ಜಗುಲಿಯಲ್ಲಿ ನಿಂತು ಹೇಳಿದ್ದು ರಸ್ತೆಗೇ ಕೇಳಿಸಿತು — “ಮೂರು ದಿನ ಬೆಳಿಗ್ಗೆ ಐದೂವರೆಗೇ ನಮ್ಮನೆ ಹತ್ರದ ಸ್ಟಾಪಲ್ಲಿ ನಿಂತು ನೋಡ್ದೆ. ಮೊದಲ್ನೇ ಬಸ್ಸೇ ಆರೂಕಾಲಿಗೆ ರೀ. ಲ್ಯಾಬಿಗೆ ನಾನೇ ಗಾಡೀಲಿ ಬಿಡ್ತೀನಿ. ಅಮ್ಮನ್ನ ಒಪ್ಪಿಸಿದೀನಿ.”

ಶಿಲ್ಪಾ ಒಂದು ವಾರ ಯೋಚಿಸಿ ಹೇಳುತ್ತೇನೆ ಎಂದಳು. ನಗುತ್ತಲೇ.

ಯಾರಿಗೇನು ಬಂತು: ಶಿಲ್ಪಾಗೆ ಕೆಲಸ ಉಳಿಯಿತು, ಯೋಚಿಸಲು ಒಂದು ವಾರ. ಅವನಿಗೆ ಇನ್ನೊಂದು ಸಲ ಬರುವ ಅವಕಾಶ. ಶಂಕ್ರವ್ವನಿಗೆ ನಿದ್ದೆ. ಹಕ್ಕಿಗಳಿಗೆ ನನ್ನ ಬಟ್ಟೆ ತಂತಿ, ಪೂರ್ತಿ. ನನಗೆ — ಹೊರಡುವಾಗ ವೀರೇಶ ಇತ್ತ ಬಂದು, ಗಂಡಸರಿಗೂ ಫೇಶಿಯಲ್ ಮಾಡ್ತೀರಾ ಎಂದು ಮೆಲ್ಲಗೆ ಕೇಳಿದ. ಮಾಡ್ತೀನಿ ಅಂದೆ. ಬೋರ್ಡಿನಲ್ಲಿ ‘ಲೇಡೀಸ್ ಓನ್ಲಿ’ ಎಂದಿದೆ, ಅದನ್ನು ನಾಳೆ ಅಳಿಸಬೇಕು.