ಬೆಳ್ಳಿ ಮೊದಲು ಮೇಲೆ ಬಂತು

ಕೂಡಿಗೆ,
ಅಕ್ಟೋಬರ್ 14, 2024

ಕೀರ್ತಿ,

ಹೇಗಿದ್ದೀಯ? ನೀನು ದುಬೈನಿಂದ ಕಳಿಸಿದ ದಪ್ಪ ಲಕೋಟೆ ಗೌರಿ ಹಬ್ಬದ ವಾರದಲ್ಲೇ ಕೈಸೇರಿತ್ತು. ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು, ಬೇಜಾರು ಮಾಡಿಕೊಳ್ಳಬೇಡ. ನಡುವೆ ನೀನು ಹತ್ತು ಹದಿನೈದು ಸಲ ಫೋನ್ ಮಾಡಿದೆ. ನಾನು ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಾದರೆ ನೀನು ಏನೋ ಹೇಳಿ ನಗಿಸಿಬಿಡುತ್ತೀಯ, ನನ್ನ ಮಾತು ಗಂಟಲಲ್ಲೇ ಉಳಿದುಬಿಡುತ್ತದೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಇಲ್ಲಿ ಎಲ್ಲರೂ ಇದ್ದೇವೆ. ನನ್ನಾಕೆ ಸೌಮ್ಯ ಎಂದಿನಂತೆ ಅಂಗನವಾಡಿಗೆ ಹೋಗಿಬರುತ್ತಾಳೆ. ನಾನು ಕುಶಾಲನಗರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರುವುದು ನಿನಗೆ ಗೊತ್ತು. ತೋಟಗಳಿಗೆ ನೀರು ಹಾಯಿಸುವ ಎರಡು ತಿಂಗಳು ಊಟಕ್ಕೂ ಬಿಡುವಿರುವುದಿಲ್ಲ, ಉಳಿದ ದಿನ ನೊಣ ಓಡಿಸುವುದು. ಎಡಸೊಂಟದ ಕೀಲು ಪೂರ್ತಿ ಹೋಗಿದೆ. ಮೈಸೂರಿನ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ನನ್ನನ್ನು ಏನೂ ಕೇಳದೆ, "ಸಮುದ್ರದ ಆಳದಲ್ಲಿ ಕೆಲಸ ಮಾಡ್ತಿದ್ರಾ?" ಅಂದರು. ಒತ್ತಡದಲ್ಲಿ ದುಡಿದವರ ಮೂಳೆ ಒಳಗಿನಿಂದ ಸಾಯುತ್ತದಂತೆ. ಈಗ ಕೋಲಿಲ್ಲದೆ ನಡೆಯಲಾರೆ. ಅಮ್ಮನಿಗಿಂತ ನಾನೇ ನಿಧಾನ. ಅವಳು ಮುಂದೆ ಹೋಗಿ, ತಿರುಗಿ ನಿಂತು, "ಬೇಗ ಬಾರೋ ಮುದುಕ" ಅನ್ನುತ್ತಾಳೆ.

ಅಮ್ಮ ನಿನ್ನನ್ನು ದಿನಕ್ಕೊಮ್ಮೆ ನೆನೆಯುತ್ತಾಳೆ. ನೀನು ಸೋಮವಾರಪೇಟೆಯಿಂದ ಬಂದು ಇಲ್ಲಿ ಹಾಸ್ಟೆಲಿನಲ್ಲಿದ್ದಾಗ ಅಲ್ಲಿನ ಅನ್ನಕ್ಕೆ ಹೆದರಿ ನಮ್ಮನೆಗೆ ಓಡಿಬರುತ್ತಿದ್ದೆಯಲ್ಲ, ಆಗ ನಿಮ್ಮ ಮನೆಯವರು ಮಾಂಸ ಮುಟ್ಟುವವರಲ್ಲ ಅಂತ ಭಾನುವಾರ ನಿನ್ನೊಬ್ಬನಿಗೇ ಬೇರೆ ಪಾತ್ರೆಯಲ್ಲಿ ಸಾರು ಕುದಿಸುತ್ತಿದ್ದಳು. ಶಶಿಗೆ ಅದಕ್ಕೇ ಹೊಟ್ಟೆಕಿಚ್ಚು. "ನಾನೇನು ನಿನ್ನ ಮಗ ಅಲ್ವಾ? ನಂಗೂ ಕೀರ್ತಣ್ಣನ ಸಾರೇ ಬೇಕು" ಅಂತ ತಟ್ಟೆ ಹಿಡಿದು ನಿಲ್ಲುತ್ತಿದ್ದ.

ಲಕೋಟೆಯಲ್ಲಿದ್ದದ್ದನ್ನೆಲ್ಲ ನೋಡಿದೆ. ನಿಮ್ಮ ಕಂಪನಿಯ ವಸ್ತುಪ್ರದರ್ಶನದ ಆಮಂತ್ರಣ ಚೆನ್ನಾಗಿದೆ. ಮುಳುಗಿದ ಹಡಗಿನೊಳಗೆ ಮುನ್ನೂರು ವರ್ಷ ನೀರಿನಡಿ ಇದ್ದ ಬೆಳ್ಳಿ ಗಟ್ಟಿಗಳನ್ನು ಕಪ್ಪು ಮಖಮಲ್ಲಿನ ಮೇಲೆ ಜೋಡಿಸಿಟ್ಟಿದ್ದೀರಿ. ನಾವು ಎತ್ತಿದಾಗ ಅವು ಇದ್ದಿಲಿನ ಹಾಗಿದ್ದವು. ಬೆಳ್ಳಿ ಅಂತ ಹೇಳಿದರೂ ಶಶಿ ನಂಬಿರಲಿಲ್ಲ. "ಇದಕ್ಕೇನಣ್ಣ ಇಷ್ಟು ದೊಡ್ಡ ಹಡಗು ಕಟ್ಕೊಂಡು ಬಂದಿರೋದು? ನಮ್ಮಮ್ಮನ ಒಲೇಲಿ ದಿನಾ ಸಿಗ್ತದೆ" ಅಂದಿದ್ದ. ಪ್ರದರ್ಶನದ ಬಾಗಿಲಲ್ಲಿ ಅವನ ಆಳೆತ್ತರದ ಫೋಟೊ ಇಡುತ್ತೀರಂತೆ, ಅದರ ಕೆಳಗೆ 'ಕಡಲು ತನ್ನಲ್ಲೇ ಉಳಿಸಿಕೊಂಡ ವೀರ' ಅಂತ ಬರೆಸುತ್ತೀರಂತೆ. ಅದಕ್ಕೆ ಅಮ್ಮ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಶಶಿಕುಮಾರ್ ನೀರಿನ ಸೆಳೆತಕ್ಕೆ ಸಿಕ್ಕಿ ಕಣ್ಮರೆಯಾದರು, ಕಂಪನಿ ಸಾಧ್ಯವಿದ್ದಷ್ಟೂ ಹುಡುಕಿತು, ಈ ಬಗ್ಗೆ ಮನೆಯವರಿಗೆ ತಕರಾರಿಲ್ಲ ಅಂತ.

ಕಡಲು ಯಾರನ್ನೂ ಉಳಿಸಿಕೊಳ್ಳುವುದಿಲ್ಲ ಕೀರ್ತಿ. ನೀರಿಗೆ ಅಂಥ ಆಸೆಯೆಲ್ಲ ಇಲ್ಲ. ಇದು ನಿನಗೂ ಗೊತ್ತು, ಯಾಕೆಂದರೆ ನಾವು ಮೂವರೂ ಆಳಕ್ಕೆ ಮುಳುಗುವ ಈ ಕೆಲಸ ಕಲಿತದ್ದು ಹೆಣ ಎತ್ತಿಯೇ. ಹಾರಂಗಿ ಹಿನ್ನೀರಿನಲ್ಲಿ, ದುಬಾರೆಯಲ್ಲಿ, ಯಾರು ಮುಳುಗಿದರೂ ಪೊಲೀಸರು ನಮ್ಮನ್ನೇ ಕರೆಸುತ್ತಿದ್ದರು. ಸಿದ್ದಾಪುರದ ಹತ್ತಿರ ತೆಪ್ಪ ಮಗುಚಿ ಮಾರಿ ಅನ್ನುವವನು ಮುಳುಗಿದ್ದು ನೆನಪಿದೆಯಾ? ಎಸ್ಟೇಟಿನ ಲೈನ್‌ಮನೆಯಲ್ಲಿದ್ದ ಆಳು, ನಮಗೆ ಅವನ ಮುಖ ಕೂಡ ಗೊತ್ತಿರಲಿಲ್ಲ. ಎರಡು ದಿನ ಹುಡುಕಿ ಸಿಗದೆ ಇನ್‌ಸ್ಪೆಕ್ಟರೇ, "ಸಾಕು ಬಿಡ್ರಪ್ಪ, ಎಲ್ಲಾದ್ರೂ ಕೆಳಗೆ ತೇಲ್ತದೆ" ಅಂದರು. ಆಗ ದಡದಲ್ಲಿ ಕುಳಿತಿದ್ದ ಅವನ ಹೆಂಡತಿಯನ್ನು ತೋರಿಸಿ ಮಾತಾಡಿದವನು ನೀನು. "ಅವಳು ಎದ್ದು ಹೋಗೋವರೆಗೆ ನಾವೂ ಹೋಗಲ್ಲ ಸಾರ್. ಬಿಟ್ಟು ಹೋಗೋದು ಅಂದ್ರೆ ಹೆಂಗೆ?" ಅಂದೆ. ಮೂರನೆಯ ದಿನ ಬಂಡೆಯ ಸಂದಿನಿಂದ ಮಾರಿಯನ್ನು ತೆಗೆದವನು ಶಶಿ. ಅವತ್ತು ನಾನು ನಿನ್ನ ಮೇಲೆ ಇಟ್ಟ ನಂಬಿಕೆಯೇ ನಮ್ಮಿಬ್ಬರನ್ನೂ ನಿನ್ನ ಹಿಂದೆ ಆಫ್ರಿಕಾದ ಕಡಲಿನ ತನಕ ಕರೆದುಕೊಂಡು ಹೋಯಿತು.

ಶಶಿ ಹೋದ ದಿನದ ಬಗ್ಗೆ ನಾವು ಒಂದು ಸಲವೂ ಕೂತು ಮಾತಾಡಲಿಲ್ಲ. ಈಗ ಬರೆಯುತ್ತೇನೆ. 2018ರ ಮಾರ್ಚ್. ಬೆಳ್ಳಿ ಎತ್ತಲು ಆ ದೇಶದವರು ಕಂಪನಿಗೆ ಕೊಟ್ಟ ಪರವಾನಗಿ ಮುಗಿಯಲು ಒಂಬತ್ತು ದಿನ ಉಳಿದಿತ್ತು. ಅರುವತ್ತೆರಡು ಮೀಟರ್ ಕೆಳಗೆ ಪಾಳಿ ಮುಗಿಸಿ ಬಂದ ನನ್ನನ್ನು ಒತ್ತಡ ಇಳಿಸುವ ಕಬ್ಬಿಣದ ಕೋಣೆಗೆ ಹಾಕಿ ಬಾಗಿಲು ಬಿಗಿದರು. ಐದು ಗಂಟೆ ಕಾಲ ಹೊರಗೆ ಬರುವಂತಿಲ್ಲ, ಬಂದರೆ ರಕ್ತದಲ್ಲಿ ಗುಳ್ಳೆ ಎದ್ದು ಸಾಯುತ್ತೇನೆ. ನನ್ನ ನಂತರ ಇಳಿದವನು ಶಶಿ. ಮೇಲೆ ರೇಡಿಯೊ, ಕ್ಯಾಮೆರಾ ಪರದೆ ಎಲ್ಲ ನಿನ್ನ ಕೈಯಲ್ಲಿ. ಇದ್ದಕ್ಕಿದ್ದಂತೆ ಹಡಗಿನ ಮೇಲೆ ಜನ ಓಡಾಡುವ ಸದ್ದಾಯಿತು. ಅಂಗೈಯಗಲದ ಗಾಜಿನಲ್ಲಿ ನನಗೆ ಕಂಡದ್ದು ಬರೀ ಕಾಲುಗಳು. ಗಾಜು ಬಡಿದೆ, ಕೂಗಿದೆ, ಯಾರೂ ತಿರುಗಲಿಲ್ಲ. ಸಂಜೆ ನಾಲ್ಕು ಗಂಟೆಗೆ ನೀನು ಬಂದು ಗಾಜಿಗೆ ಮುಖವಿಟ್ಟು, ಹೊರಗಿನ ಫೋನ್ ಎತ್ತಿಕೊಂಡೆ.

"ಧರ್ಮ, ಹಳೇ ಹಡಗಿನ ತೊಲೆ ಕುಸೀತು ಕಣೋ. ಶಶಿ ಉಸಿರಿನ ಪೈಪ್ ತುಂಡಾಯ್ತು."

"ಅವನೆಲ್ಲಿ?"

"ಸೆಳೆತ ಎಳ್ಕೊಂಡು ಹೋಗಿದೆ. ಕ್ಯಾಮೆರಾ ಇಳಿಸಿ ಮೂಲೆ ಮೂಲೆ ನೋಡಿದ್ವಿ. ಅಲ್ಲಿ ಯಾರೂ ಇಲ್ಲ."

ನೀನು ಅಳುತ್ತಿದ್ದೆ. ಅದಕ್ಕೇ ನಂಬಿದೆ. ನನ್ನನ್ನು ಹೊರಗೆ ಬಿಟ್ಟಾಗ ಕತ್ತಲಾಗುತ್ತಿತ್ತು. ಡೆಕ್ಕಿನ ಮೇಲೆ ತಂತಿಬುಟ್ಟಿ ಆಗತಾನೇ ಮೇಲೆ ಬಂದು ನಿಂತಿತ್ತು, ಅದರಿಂದ ನೀರು ಸೋರುತ್ತಿತ್ತು. ಒಳಗೆ ನಲವತ್ತೋ ಐವತ್ತೋ ಬೆಳ್ಳಿ ಗಟ್ಟಿ. ನನ್ನ ತಮ್ಮ ಸತ್ತ ದಿನವೂ ಆ ಬುಟ್ಟಿ ಇಳಿದು ಹತ್ತಿತ್ತು. "ನನ್ನನ್ನ ಇಳಿಸಿ, ನಾನು ಹುಡುಕ್ತೀನಿ" ಅಂತ ಕಾಲು ಹಿಡಿದೆ. ಈಗಷ್ಟೇ ಬಂದಿದ್ದೀಯ, ಎರಡು ದಿನ ಇಳಿಯುವಂತಿಲ್ಲ ಅಂದಿರಿ. ಎರಡು ದಿನ ಕಳೆದ ಮೇಲೆ, ಅವನು ಇಷ್ಟು ಹೊತ್ತಿಗೆ ಎಲ್ಲಿಗೆ ಹೋಗಿರುತ್ತಾನೋ ಅಂದಿರಿ. ಪರವಾನಗಿ ಮುಗಿಯುವವರೆಗೂ ಕೆಲಸ ನಡೆಯಿತು. ಬೆಳ್ಳಿಯನ್ನು ಒಂದೂ ಬಿಡದೆ ಎತ್ತಿದಿರಿ ಅಂತ ಆಮೇಲೆ ಪೇಪರಿನಲ್ಲಿ ಬಂತು.

ನೀನು ನನ್ನ ಜೊತೆಯಲ್ಲೇ ಊರಿಗೆ ಬಂದೆ, ಅದನ್ನು ಇಲ್ಲವೆನ್ನುವುದಿಲ್ಲ. ಅಮ್ಮನ ಮುಂದೆ ಕೂತು ಅವಳ ಎರಡೂ ಕೈ ಹಿಡಿದುಕೊಂಡೆ. ಅವಳು ಕೇಳಿದ್ದು ಒಂದೇ: "ಹೆಣ ನೋಡಿದ್ಯೇನಪ್ಪ?" ನೀನು ಇಲ್ಲ ಅಂದೆ. ಅವಳ ಮುಖ ನೋಡಲಾಗದೆ ಇನ್ನೊಂದು ಮಾತು ಸೇರಿಸಿದೆ. "ನಾವು ಕಂಡಿಲ್ಲ ಅಂದ್ಮೇಲೆ ಎಲ್ಲಾದ್ರೂ ದಡ ಸೇರಿರ್ಬೋದಮ್ಮ. ಆ ಕಡೆ ಬೆಸ್ತರ ಊರು ಬಹಳ ಅವೆ." ಉಸಿರಿನ ಪೈಪ್ ತುಂಡಾದವನು ಅರುವತ್ತೆರಡು ಮೀಟರ್ ಆಳದಿಂದ ದಡ ಸೇರುವುದಿಲ್ಲ ಅಂತ ನನಗೆ ಗೊತ್ತಿತ್ತು. ನಾನೂ ಬಾಯಿ ಬಿಡಲಿಲ್ಲ. ಅವಳು ಅವತ್ತು ಒಂದು ತುತ್ತು ಅನ್ನ ತಿಂದಳಲ್ಲ, ಅಷ್ಟಕ್ಕೇ ಸುಮ್ಮನಾದೆ. ಆ ಪಾಪದಲ್ಲಿ ನನಗೂ ಪಾಲಿದೆ.

ಅದರ ಫಲ ನಾನು ವರ್ಷ ವರ್ಷ ನೋಡುತ್ತಿದ್ದೇನೆ. ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಸತ್ತ ಹಿರಿಯರಿಗೆಲ್ಲ ಎಡೆ ಇಡುತ್ತೇವೆ. ಅಮ್ಮ ಅಪ್ಪನಿಗೆ ಇಡುತ್ತಾಳೆ, ಅಜ್ಜಿಗೆ ಇಡುತ್ತಾಳೆ. ಶಶಿಗೆ ಇಡುವುದಿಲ್ಲ. ಈ ವರ್ಷ ಸೌಮ್ಯ ಧೈರ್ಯ ಮಾಡಿ, "ಅತ್ತೆ, ಇನ್ನೊಂದು ಎಲೆ ಹಾಕಲಾ?" ಅಂದಳು. ಅಮ್ಮ ಗದರಿಬಿಟ್ಟಳು: "ಬದುಕಿರೋನಿಗೆ ಎಡೆ ಇಡ್ತಾರೇನೇ? ಕೀರ್ತಿ ಹೇಳಿಲ್ವಾ?" ಅವನ ಮೂರು ಅಂಗಿಗಳನ್ನು ಈಗಲೂ ಒಗೆದು ಮಡಚಿಡುತ್ತಾಳೆ. ಯಾರೂ ತೊಡದ ಬಟ್ಟೆಯನ್ನು ಒಗೆದು ಒಗೆದು ಸವೆಸಿದ್ದಾಳೆ.

ಒಪ್ಪಿಗೆ ಪತ್ರವನ್ನು ಸಹಿಯಿಲ್ಲದೆ ಇದರ ಜೊತೆಗೇ ಕಳಿಸುತ್ತಿದ್ದೇನೆ. ಪ್ರದರ್ಶನಕ್ಕೆ ಬರಲು ನೀನು ಕಳಿಸಿದ ವಿಮಾನದ ಟಿಕೆಟ್ಟೂ ಬೇಡ. ಫೋಟೊ ಇಡಬೇಡಿ. ನೀನು ಆ ಕಂಪನಿಯಲ್ಲಿ ಎಷ್ಟು ಮೇಲೆ ಹೋಗಿದ್ದೀಯೋ ನನಗೆ ಗೊತ್ತಿಲ್ಲ, ಇಷ್ಟನ್ನು ತಡೆಯುವಷ್ಟಾದರೂ ಹೋಗಿದ್ದೀಯ ಅಂದುಕೊಂಡಿದ್ದೇನೆ.

ಚಂದನಾ ಈಗ ಏಳನೆಯ ಕ್ಲಾಸು ಅಲ್ಲವಾ? ನಿನ್ನ ಮಗಳಿಗೆ ಒಳ್ಳೆಯ ವಿದ್ಯೆ ಬರಲಿ, ಆಯಸ್ಸು ಗಟ್ಟಿಯಾಗಿರಲಿ. ನನ್ನ ಸಿಟ್ಟಿನಲ್ಲಿ ಅವಳಿಗೆ ಪಾಲಿಲ್ಲ. ನಿಮ್ಮ ತಂದೆ ಗಂಗಣ್ಣನವರನ್ನು ಸೋಮವಾರಪೇಟೆ ಸಂತೆಯಲ್ಲಿ ಕಂಡೆ, ಚೆನ್ನಾಗಿದ್ದಾರೆ.

ಇಂತಿ,
ಧರ್ಮೇಶ್

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಲಕೋಟೆಯಲ್ಲಿ ಪೆನ್‌ಡ್ರೈವ್ ಇತ್ತಲ್ಲ, ಪ್ರದರ್ಶನಕ್ಕೆ ಮಾಡಿಸುತ್ತಿರುವ ಸಿನಿಮಾದ್ದು, ಇನ್ನೂ ಪೂರ್ತಿಯಾಗಿಲ್ಲ ಅಂತ ನೀನೇ ಬರೆದಿದ್ದೆ. ಅಮಾವಾಸ್ಯೆಯ ಮಾರನೆಯ ದಿನ ಅದನ್ನು ಟೀವಿಗೆ ಹಾಕಿ ನೋಡಿದೆ. ಹನ್ನೊಂದನೆಯ ನಿಮಿಷದಲ್ಲಿ ಸಂಗೀತ ನಿಲ್ಲುತ್ತದೆ. ನೀರಿನಡಿಯ ಕ್ಯಾಮೆರಾ ಮುರಿದ ತೊಲೆಯೊಂದರ ಹತ್ತಿರ ಹೋಗಿ ನಿಲ್ಲುತ್ತದೆ. ಮಣ್ಣು ಎದ್ದಿದೆ, ಏನೂ ಸರಿಯಾಗಿ ಕಾಣುವುದಿಲ್ಲ. ಮೂಲೆಯಲ್ಲಿ ಶಶಿ ಹೋದ ದಿನದ ತಾರೀಖು, ಸಮಯ ಮಧ್ಯಾಹ್ನ ಮೂರು ಹತ್ತು. ಆಗ ಒಂದು ದನಿ, ಕನ್ನಡದಲ್ಲಿ: "ಶಶಿ ಇಲ್ಲೇ ಅವ್ನೆ." ಸ್ವಲ್ಪ ಹೊತ್ತು ಬಿಟ್ಟು ಅದೇ ದನಿ ಇಂಗ್ಲಿಷಿನಲ್ಲಿ ಎಡಕ್ಕೆ ತಿರುಗಿಸು ಅನ್ನುತ್ತದೆ. ಕ್ಯಾಮೆರಾ ಎಡಕ್ಕೆ ತಿರುಗುತ್ತದೆ. ಅಲ್ಲಿ ಬೆಳ್ಳಿ. ಸಿನಿಮಾ ಮಾಡಿದವರಿಗೆ ಕನ್ನಡ ಬರುವುದಿಲ್ಲ, ಅದಕ್ಕೇ ನಿನ್ನ ಮಾತು ಉಳಿದುಕೊಂಡಿದೆ. ಹೆಣ ಮೇಲೆ ಬಂದಿದ್ದರೆ ಆ ದೇಶದ ಪೊಲೀಸರು ಬಂದು ಕೆಲಸ ನಿಲ್ಲಿಸುತ್ತಿದ್ದರು. ಅದು ನನಗೆ ಅರ್ಥವಾಗುತ್ತದೆ. ಅರ್ಥವಾಗದ್ದು, ಗಾಜಿನಾಚೆ ನಿಂತು ನೀನು ಅತ್ತದ್ದು.

ಅಮ್ಮ ಅಡುಗೆಮನೆಯಲ್ಲಿದ್ದಳು. ಟೀವಿ ನೋಡಿರಲಿಲ್ಲ, ನಿನ್ನ ದನಿ ಮಾತ್ರ ಕೇಳಿಸಿತು. ಕೈಯ ಹಿಟ್ಟು ತೊಳೆಯದೆ ಓಡಿಬಂದಳು. "ಕೀರ್ತಿ ಬಂದ್ನಾ? ಶಶಿ ಇಲ್ಲೇ ಅವ್ನೆ ಅಂದ್ನಲ್ಲೋ! ಎಲ್ಲವ್ನಂತೆ?" ಅಂತ ನನ್ನನ್ನು ದಾಟಿ ಜಗಲಿಗೆ ಹೋದಳು, ಅಲ್ಲಿಂದ ಅಂಗಳಕ್ಕೆ ಇಳಿದಳು. ನಾನು ಕೋಲು ಹುಡುಕಿಕೊಂಡು ಹೋಗುವಷ್ಟರಲ್ಲಿ ರಸ್ತೆಯ ನಡುವೆ ನಿಂತು ಎರಡೂ ಕಡೆ ನೋಡುತ್ತಿದ್ದಳು. ಅವಳು ಅಷ್ಟು ನಕ್ಕದ್ದನ್ನು ಆರು ವರ್ಷದಲ್ಲಿ ನಾನು ಕಂಡಿರಲಿಲ್ಲ.

ಇವತ್ತಿಗೂ ಕೇಳುತ್ತಿದ್ದಾಳೆ. ನಾನು ಹೇಳಿಲ್ಲ. ನೀನೇ ಬಂದು ಹೇಳು.