ಅಣ್ಣನ ಮಣಿಕಟ್ಟು

ತಾರೀಖು ಹದಿನೇಳು, ಗುರುವಾರ

ಇವತ್ತು ಅಣ್ಣನಿಗೆ ಹೊಡೆದೆ.

ಹೊಲಿಗೆ ಅಂಗಡಿಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವನು ಅತ್ತಿಗೆಯ ಜಡೆ ಹಿಡಿದು ತಲೆಯನ್ನು ಬಾಗಿಲಿಗೆ ಚಚ್ಚುತ್ತಿದ್ದ. ಸಾಣೆಗೆ ಕೊಡಲು ತಂದಿದ್ದ ದೊಡ್ಡ ಕತ್ತರಿ ನನ್ನ ಚೀಲದಲ್ಲಿತ್ತು. ಅದರ ಹಿಡಿಕೆಯಿಂದ ಅವನ ಮಣಿಕಟ್ಟಿಗೆ ಬಾರಿಸಿದೆ. ಮೂಳೆ ಲಟಕ್ಕನೆ ಮುರಿಯಿತು. ಅವನು ಕೂಗಿಕೊಂಡು ಕುಸಿದ. ಆಮೇಲೂ ಎರಡು ಏಟು ಕೊಟ್ಟೆ. ಅವು ಅತ್ತಿಗೆಯನ್ನು ಬಿಡಿಸಲಿಕ್ಕಲ್ಲ, ನನಗಾಗಿ.

ಆಸ್ಪತ್ರೆಯಲ್ಲಿ ಅಣ್ಣನೇ, "ಮೆಟ್ಟಿಲ ಮೇಲೆ ಜಾರಿಬಿದ್ದೆ ಡಾಕ್ಟ್ರೇ" ಅಂದ. ನನಗೆ ನಗು ಉಕ್ಕಿ ಬಂತು. ಅದೇ ಮಾತನ್ನು ಅತ್ತಿಗೆ ಎಷ್ಟು ಸಲ ಹೇಳಿಲ್ಲ!

ಅಮ್ಮ ದಾರಿಯುದ್ದಕ್ಕೂ ಕೇಳುತ್ತಲೇ ಇದ್ದಳು. "ನಿನ್ನ ಹೆಗಲ ಮೇಲೆ ಹೊತ್ತು ಬೆಳೆಸಿದೋನು ಕಣೇ. ಅವನ ಮೇಲೆ ಕೈ ಎತ್ತೋಕೆ ಹೇಗೆ ಮನಸ್ಸು ಬಂತು? ಬಾಯಿ ಬಿಟ್ಟು ಹೇಳೇ!"

ಇಲ್ಲಾದರೂ ಬರೆಯುತ್ತೇನೆ, ಹಿತವಾಗಿತ್ತು. ಮೂಳೆ ಮುರಿದ ಸದ್ದಿಗೆ ಮೈಯೆಲ್ಲ ಹಗುರವಾಯಿತು. ಅವನ ಮೇಲಿನ ಪ್ರೀತಿಯೂ ಹೋಗಿಲ್ಲ. ಎರಡೂ ಇವೆ, ಇರಲಿ. ಯಾಕೆ, ಏನು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಪಕ್ಕದ ಕೋಣೆಯಲ್ಲಿ ಅತ್ತಿಗೆ ಅವನಿಗೆ ಊಟ ತಿನ್ನಿಸುತ್ತಿದ್ದಾಳೆ. "ಇನ್ನೊಂದೇ ತುತ್ತು ರೀ, ಮಾತ್ರೆ ತಗೋಬೇಕಲ್ಲ" ಅನ್ನುತ್ತಿದ್ದಾಳೆ. ಅವಳ ಹಣೆಯ ಊತ ಇನ್ನೂ ಇಳಿದಿಲ್ಲ. ಆ ಮೆತ್ತನೆಯ ದನಿ ಕೇಳುತ್ತಿದ್ದರೆ ಎದ್ದು ಹೋಗಿ ಅವಳ ಕೆನ್ನೆಗೂ ಬಾರಿಸಬೇಕು ಅನ್ನಿಸುತ್ತಿದೆ. ಹೌದು, ಅವಳಿಗೇ. ದೀಪ ಆರಿಸಿ ಮಲಗಬೇಕು, ಇಲ್ಲದಿದ್ದರೆ ನಾನು ಹೊಡೆದೇಬಿಡುತ್ತೇನೆ.